ಗೋಡೆಗೆ ಮುಖ

ಗಂಟೆ ಹೊಡೆದರೆ ಗೋಡೆಗೆ ಮುಖ. ಆ ಕಟ್ಟಡದಲ್ಲಿ ಗುಡಿಸಿ ಒರೆಸುವ ಹೆಂಗಸರಿಗೆ ಇದ್ದ ಮೊದಲನೆಯ ನಿಯಮ ಅದು. ಕೈಯಲ್ಲಿ ಬಕೆಟ್ಟಿರಲಿ, ಪೊರಕೆಯಿರಲಿ, ಕಕ್ಕಸು ಉಜ್ಜುವ ಬ್ರಷ್ಷಿರಲಿ, ಇದ್ದಲ್ಲೇ ಇಟ್ಟು ಗೋಡೆಯ ಕಡೆ ತಿರುಗಬೇಕು. ಹಣೆ ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಸಭೆಯ ಸದಸ್ಯರು ಬೆನ್ನ ಹಿಂದೆ ಹಾದು ಹೋಗುವವರೆಗೆ ಕೆಮ್ಮಬಾರದು, ಮೂಗು ಸೇದಬಾರದು. ತಿರುಗಿ ನೋಡುವ ಮಾತಂತೂ ಇಲ್ಲವೇ ಇಲ್ಲ.

ನಿಯಮ ಮಾಡಿದವನು ಹಳೆಯ ದೊರೆ. ಕೂಲಿಯವರ ಮುಖ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲವಂತೆ. ಜನ ಎದ್ದು ಅವನನ್ನು ಓಡಿಸಿದರು. ಅಂಗಳದಲ್ಲಿದ್ದ ಅವನ ಪ್ರತಿಮೆಗೆ ಹಗ್ಗ ಕಟ್ಟಿ ಎಳೆದು ಬೀಳಿಸಿದರು. ಅದರ ಚೂರುಗಳನ್ನು ಗುಡಿಸಿ ಗಾಡಿಗೆ ತುಂಬಿದವಳು ದೊಡ್ಡಕ್ಕ. ಅವನ ಅರಮನೆಯಲ್ಲೇ ಈಗ ದೇಶಕ್ಕೆ ಹೊಸ ಸಂವಿಧಾನ ಬರೆಯುವ ಸಭೆ ಕೂತಿತ್ತು. ದೊರೆಯ ಹೆಸರು ಅಳಿಸಿದರು. ಬಾಗಿಲ ಮೇಲಿನ ಅವನ ಲಾಂಛನವನ್ನು ಉಳಿಯಿಂದ ಕೆತ್ತಿ ತೆಗೆದರು. ಗಂಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲವಲ್ಲ. ತೊಂದರೆ ಇದ್ದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವಲ್ಲ.

ದೊಡ್ಡಕ್ಕ ಎಂಬುದು ಜೊತೆಯ ಹೆಂಗಸರು ಇಟ್ಟ ಹೆಸರು. ದೊರೆಯ ಕಾಲದಿಂದ ಇದ್ದವಳು ಅವಳೊಬ್ಬಳೇ. ಎರಡನೇ ಮಹಡಿ ಅವಳ ಪಾಲಿಗೆ: ಉದ್ದನೆಯ ಪಡಸಾಲೆ, ಸದಸ್ಯರ ಕಕ್ಕಸುಗಳು, ಚಹಾ ಕೋಣೆ. ಹಕ್ಕುಗಳ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿ ಬಂದವರು ಕಕ್ಕಸಿಗೆ ನೀರು ಹಾಕದೆ ಹೋಗುತ್ತಿದ್ದರು. ತಿಂದ ಹಣ್ಣಿನ ಸಿಪ್ಪೆಯನ್ನು ಕುರ್ಚಿಯ ಸಂದಿಗೆ ತುರುಕುತ್ತಿದ್ದರು. ದೇಶ ಕಟ್ಟುವವರಿಗೆ ಕಸದ ಬುಟ್ಟಿ ಕಾಣುವುದಿಲ್ಲ ಎಂದು ಬಾಯಿಬಡುಕಿ ನಗುತ್ತಿದ್ದಳು. ಬಾಯಿಬಡುಕಿ ಕೆಳಗಿನ ಮಹಡಿಯವಳು. ದೊಡ್ಡಕ್ಕನ ಜೊತೆಯವಳು ಕುಳ್ಳಿ. ಕುಳ್ಳಿಗೆ ಎಲ್ಲದಕ್ಕೂ ಹೆದರಿಕೆ. ಗಂಟೆಯ ಸದ್ದು ಪೂರ್ತಿ ಕೇಳುವ ಮೊದಲೇ ಅವಳ ಮೂಗು ಗೋಡೆಗೆ ಒತ್ತಿರುತ್ತಿತ್ತು.

ಗೋಡೆಗೆ ನಿಂತು ನಿಂತು ಹಣೆಯ ಬೆವರು, ತಲೆಯ ಎಣ್ಣೆ ಸುಣ್ಣಕ್ಕೆ ಹತ್ತುತ್ತಿತ್ತು. ಪಡಸಾಲೆಯ ಬಿಳಿ ಗೋಡೆಯುದ್ದಕ್ಕೂ ಅಂಗೈಯಗಲದ ಮಂಕು ಕಲೆಗಳು. ಮೇಲಿರುವುದು ದೊಡ್ಡಕ್ಕನದು, ಎದೆಮಟ್ಟಕ್ಕಿರುವುದು ಕುಳ್ಳಿಯದು. ಪ್ರತಿ ಶನಿವಾರ ಬಿಸಿನೀರಿಗೆ ಸೋಡಾಪುಡಿ ಹಾಕಿ ತಮ್ಮ ತಮ್ಮ ಹಣೆಯ ಗುರುತನ್ನು ತಾವೇ ಒರೆಸಬೇಕು. ಸೋಮವಾರ ಮತ್ತೆ ಹೊಸದು ಹತ್ತುತ್ತಿತ್ತು.

ಸಂವಿಧಾನ ಅವರ ಬೆನ್ನ ಹಿಂದೆ ಹಾದು ಹೋಗುತ್ತಿತ್ತು. ಸದಸ್ಯರು ಮಾತಾಡಿಕೊಂಡೇ ನಡೆಯುವವರು. ಗೋಡೆಗೆ ಕಿವಿಯಿದೆ ಎನ್ನುತ್ತಾರೆ. ಆ ಗೋಡೆಗೆ ಒತ್ತಿಕೊಂಡವರಿಗೂ ಕಿವಿಯಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ದೇಶಕ್ಕೆ ಅಧ್ಯಕ್ಷ ದೊಡ್ಡವನಾಗಬೇಕೋ ಪ್ರಧಾನಿ ದೊಡ್ಡವನಾಗಬೇಕೋ ಎಂದು ಒಂದು ಚಳಿಗಾಲ ಪೂರ್ತಿ ಜಗಳವಾಯಿತು. ಶಾಸನಕ್ಕೆ ಒಂದೇ ಮನೆ ಸಾಕೋ, ಮೇಲ್ಮನೆಯೂ ಬೇಕೋ ಎಂದು ಇನ್ನೊಂದು ಬೇಸಿಗೆ.

"ಎರಡು ಮನೆ ಮಾಡ್ಕೊಳ್ಳಿ, ನಾಲ್ಕು ಮಾಡ್ಕೊಳ್ಳಿ. ಗುಡಿಸೋಳು ನಾನೇ ತಾನೆ," ಎಂದಳು ಬಾಯಿಬಡುಕಿ, ಬಟ್ಟೆ ಹಿಂಡುತ್ತಾ.

ಕಾನೂನು ಮಾಡುವವನು, ಅದನ್ನು ನಡೆಸುವವನು, ನ್ಯಾಯ ಹೇಳುವವನು ಬೇರೆ ಬೇರೆ ಇರಬೇಕು, ಇಲ್ಲದಿದ್ದರೆ ಮತ್ತೆ ದೊರೆಯೇ ಬಂದಂತೆ ಎಂದು ಒಬ್ಬ ಮುದುಕ ಸದಸ್ಯರು ಮೆಟ್ಟಿಲ ಮೇಲೆ ನಿಂತು ಇನ್ನೊಬ್ಬರಿಗೆ ವಿವರಿಸಿದ್ದೂ ಈ ಹೆಂಗಸರಿಗೆ ಕೇಳಿಸಿತ್ತು. ಆ ದಿನ ಪೂರ್ತಿ ಬಾಯಿಬಡುಕಿಗೆ ಅದೇ ತಮಾಷೆ. ಹೆಂಗಸರಿಂದ ಕೆಲಸ ಮಾಡಿಸುವ ಮೇಸ್ತ್ರಿ ನಿಯಮ ಹೇಳಿದರೆ ಒಂದು ಸಲ ಕೈಮುಗಿಯುವಳು, ಬೈದರೆ ಎರಡನೆಯ ಸಲ, ಸಂಬಳ ಹಿಡಿದರೆ ಮೂರನೆಯ ಸಲ. ಮೂರು ಸರಕಾರಕ್ಕೂ ಒಂದೊಂದು ನಮಸ್ಕಾರ ಎನ್ನುವಳು. ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅವನೂ ದೊರೆಯ ಕಾಲದವನೇ. ಅಂಗಿಯ ಮೇಲಿನ ಬಿಲ್ಲೆ ಬದಲಾಗಿತ್ತು, ಅಷ್ಟೆ.

ದೊಡ್ಡಕ್ಕ ನಗುತ್ತಿರಲಿಲ್ಲ. ಅವಳಿಗೆ ತನ್ನ ಮೈಯ ಮೇಲೇ ಅಸಹ್ಯ ಬಂದಿತ್ತು. ಒಮ್ಮೆ ಮನೆಯ ಬೀದಿಯಲ್ಲಿ ಹಾಲಿನವನ ಸೈಕಲ್ಲು ಬೆಲ್ಲು ಹೊಡೆಯಿತು. ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಯಾರದೋ ಮನೆಯ ಗೋಡೆಗೆ ತಿರುಗಿ ನಿಂತುಬಿಟ್ಟಳು. ಬೀದಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಂತೆ ಮಾಡಿ ಚೀಲ ಎತ್ತಿಕೊಂಡಳು. ತಲೆ ಬಾಗುವುದನ್ನು ತಲೆ ಮರೆಯಬಹುದು. ಬೆನ್ನು ಕಲಿತದ್ದು ಸುಲಭಕ್ಕೆ ಹೋಗುವುದಿಲ್ಲ ಎಂದು ಅಂದು ಗೊತ್ತಾಯಿತು.

ಅವಳ ಮಗಳನ್ನು ಕೆಲಸದಿಂದ ತೆಗೆದದ್ದು ಒಂದು ನಮಸ್ಕಾರಕ್ಕೆ.

ಮಗಳಿಗೆ ಗಂಡ ಇಲ್ಲ. ಹೆಣ್ಣು ಕೂಸೊಂದಿದೆ. ದೊಡ್ಡಕ್ಕನೇ ಮೇಸ್ತ್ರಿಯ ಕಾಲುಕೈ ಹಿಡಿದು ಮಗಳನ್ನು ಅಲ್ಲಿ ಸೇರಿಸಿದ್ದಳು. ಒಂದು ಬೆಳಿಗ್ಗೆ ಮಗಳು ಕುದಿಯುವ ನೀರಿನ ಬಕೆಟ್ಟು ಹೊತ್ತು ಪಡಸಾಲೆಯಲ್ಲಿ ಬರುತ್ತಿದ್ದಾಗ ಗಂಟೆ ಹೊಡೆಯಿತು. ತಿರುಗಿದರೆ ನೀರು ಚೆಲ್ಲುತ್ತದೆ, ಇಳಿಸುವಷ್ಟು ಹೊತ್ತಿಲ್ಲ. ಎದುರಿಗೇ ಕರಡು ಸಮಿತಿಯ ಅಧ್ಯಕ್ಷರು. ಕಣ್ಣಿಗೆ ಕಣ್ಣು ಸೇರಿತು. ಮನುಷ್ಯರು ಎದುರಾದಾಗ ಏನು ಮಾಡಬೇಕೋ ಅದನ್ನು ಅವಳು ಮಾಡಿದಳು. ನಮಸ್ಕಾರ ಸರ್ ಎಂದಳು.

ಅಧ್ಯಕ್ಷರು ಬೈಯಲಿಲ್ಲ. ಅವರು ಬೈಯುವವರಲ್ಲ, ಅವರ ಕೈಗೆ ಕೆಸರು ಹತ್ತುವುದಿಲ್ಲ. ಆಮೇಲೆ ಮೇಸ್ತ್ರಿಯನ್ನು ಕರೆಸಿ, ಯಾರೋ ಹುಡುಗಿ ಮಾತಾಡಿಸಿದಳು, ಮನುಷ್ಯನ ಘನತೆಯ ವಿಧಿಯನ್ನು ಯೋಚಿಸುತ್ತಿದ್ದೆ, ಎಳೆ ಕಡಿದುಹೋಯಿತು ಎಂದಷ್ಟೇ ಹೇಳಿದರಂತೆ. ಮಧ್ಯಾಹ್ನದ ಹೊತ್ತಿಗೆ ಮಗಳ ನೀಲಿ ಮೇಲಂಗಿ ಕಸಿದುಕೊಂಡಾಗಿತ್ತು.

ಮನೆಗೆ ಬಂದ ದೊಡ್ಡಕ್ಕ ಮಗಳ ಕೆನ್ನೆಗೆ ಬಾರಿಸಿದಳು. ನಮಸ್ಕಾರ ಅಂದಿದ್ದು ತಪ್ಪಾ ಅಮ್ಮ ಎಂದು ಮಗಳು ಕೇಳಿದಳು. ಅದಕ್ಕೆ ಇನ್ನೊಂದು ಏಟು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಕೈ ಮಾಡುವುದನ್ನು ದೊಡ್ಡಕ್ಕ ಎಲ್ಲರಂತೆ ಕಲಿತಿದ್ದಳು. ಅಂದಿನಿಂದ ಮಗಳು ಹೊರಗೆ ಕೆಲಸ ಹುಡುಕಿ ಹುಡುಕಿ ಸೋತಳು. ಅರಮನೆಯಿಂದ ತೆಗೆದವಳು ಎಂದರೆ ಯಾರೂ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಒಂದೇ ಸಂಪಾದನೆಯಲ್ಲಿ ಮೂರು ಹೊಟ್ಟೆ. ಕೂಸಿನ ತೋಳು ಕಡ್ಡಿಯಾಯಿತು. ಅಮ್ಮನೂ ಮಗಳೂ ಒಂದೇ ಕೋಣೆಯಲ್ಲಿದ್ದು, ಬೇಕಾದಷ್ಟೇ ಮಾತಾಡಿಕೊಂಡು ದಿನ ನೂಕಿದರು.

ಸಂವಿಧಾನ ಬರೆದು ಮುಗಿಯಿತು. ಆದರೆ ಸಭೆ ತಾನೇ ತನಗೊಂದು ಕಟ್ಟುಪಾಡು ಹಾಕಿಕೊಂಡಿತ್ತು. ಜನರ ಎದುರಿಗೆ ಓದಿ, ಜನರ ಒಪ್ಪಿಗೆ ಪಡೆದ ಮೇಲೆಯೇ ಅಂಗೀಕಾರ. ಕೇಳಲು ಚೆನ್ನಾಗಿತ್ತು. ಆ ದಿನ ಹತ್ತಿರ ಬಂದಾಗ ಸದಸ್ಯರಿಗೆ ಹೆದರಿಕೆ ಹತ್ತಿತು. ಬರುವ ಜನ ಏನು ಕೇಳುತ್ತಾರೋ. ಕಾವಲಿನವರು ಹೊರಗಿನವರನ್ನು ಒಳಗೆ ಬಿಡುವುದು ಅಪಾಯ ಎಂದರು. ಸದಸ್ಯರು ವಿಷಾದದಿಂದ ಒಪ್ಪಿಕೊಂಡರು. ಆದರೆ ಸಭಾಂಗಣದಲ್ಲಿ ಜನರಿಗೆಂದು ಹಾಕಿದ ಬೆಂಚು ಖಾಲಿ ಇದ್ದರೆ ಕ್ಯಾಮೆರಾದಲ್ಲಿ ಕಾಣುತ್ತದಲ್ಲ. ನಂಬಿಕಸ್ಥ ಜನ ಬೇಕು ಎಂದು ಮೇಸ್ತ್ರಿಗೆ ಅಪ್ಪಣೆಯಾಯಿತು.

ಮೇಸ್ತ್ರಿ ಹಿಂದಿನ ದಿನ ಸಂಜೆ ಚಹಾ ಕೋಣೆಗೆ ಬಂದ. ಅಂದು ಅವನ ಬಾಯಲ್ಲಿ 'ಏಯ್' ಹೋಗಿ 'ದೊಡ್ಡಕ್ಕ' ಬಂದಿತ್ತು. ನಾಳೆ ನೀಲಿ ಮೇಲಂಗಿ ಬೇಡ, ಮನೆಯ ಒಳ್ಳೆಯ ಬಟ್ಟೆ ಹಾಕಿಕೊಂಡು ಎಲ್ಲ ಹೆಂಗಸರೂ ಬೆಂಚಿನ ಮೇಲೆ ಕೂರಬೇಕು, ಒಪ್ಪಿಗೆಯೇ ಎಂದು ಕೇಳಿದಾಗ ಕೈ ಎತ್ತಬೇಕು, ಬಾಯಿ ಬಿಡಬಾರದು ಎಂದ.

"ಅವರಿಗೆ ನಮ್ಮ ಗುರುತು ಹತ್ತಲ್ವಾ?" ಎಂದು ಕೇಳಿದಳು ದೊಡ್ಡಕ್ಕ.

"ನಿಮ್ಮ ಮುಖ ಯಾವಾಗ ನೋಡಿದಾರೆ?" ಎಂದ ಮೇಸ್ತ್ರಿ. ಅದು ಅವನಿಗೆ ನಗುವ ಮಾತೇ ಆಗಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ನೀನು ಇದೊಂದು ನೆಟ್ಟಗೆ ಮಾಡಿಸು. ನಾಡಿದ್ದಿನಿಂದ ನಿನ್ನ ಮಗಳು ಕೆಲಸಕ್ಕೆ ಬರಲಿ," ಎಂದ.

ದೊಡ್ಡಕ್ಕ ಮನೆಗೆ ಹಾರಿಕೊಂಡು ಬಂದಳು. ಮಗಳು ಒಲೆಯ ಮುಂದೆ ಗಂಜಿ ತಿರುವುತ್ತಿದ್ದಳು. ಸುದ್ದಿ ಕೇಳಿ ತಿರುವುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದಳು ತಾಯಿ. ಮಗಳು ಬೈಯಲಿಲ್ಲ.

"ಹೋಗ್ತೀನಿ ಅಮ್ಮ. ಈ ಸಲ ತಿರುಗ್ತೀನಿ. ಗಂಟೆಗೆ ಮೊದಲೇ ತಿರುಗ್ತೀನಿ."

ಅಷ್ಟು ಮೆತ್ತಗಿನ ದನಿ ದೊಡ್ಡಕ್ಕ ಅವಳಿಂದ ಎಂದೂ ಕೇಳಿರಲಿಲ್ಲ. ಇಷ್ಟು ದಿನ ಇದನ್ನೇ ಅಲ್ಲವೇ ತಾನು ಬಯಸಿದ್ದು? ಮಗಳು ಗಂಜಿ ತಟ್ಟೆಗೆ ಹಾಕುವಾಗ ಸೌಟು ತಟ್ಟೆಯ ಅಂಚಿಗೆ ತಗುಲಿ ಠಣ್ ಎಂದಿತು. ನೆಲದ ಮೇಲೆ ಆಡುತ್ತಿದ್ದ ಕೂಸು ಎದ್ದಿತು. ಪುಟುಪುಟು ನಡೆದು ಹೋಗಿ, ಮಸಿ ಹಿಡಿದ ಗೋಡೆಗೆ ಹಣೆ ಒತ್ತಿ, ಕೈ ಜೋಲು ಬಿಟ್ಟು ನಿಂತಿತು. ಸ್ವಲ್ಪ ಹೊತ್ತಿಗೆ ತಿರುಗಿ, ಅಜ್ಜಿಯನ್ನು ನೋಡಿ ಕಿಲಕಿಲ ನಕ್ಕಿತು. ಯಾರು ಕಲಿಸಿದರು ಎಂದು ದೊಡ್ಡಕ್ಕ ಕೇಳಲಿಲ್ಲ. ಅಜ್ಜಿ ಮಾಡುವುದನ್ನು ಮನೆಯಲ್ಲಿ ಮಾಡಿ ತೋರಿಸಿ ಕೂಸನ್ನು ನಗಿಸಿದವರು ತಾವಿಬ್ಬರೇ ಇರಬೇಕು. ಕೂಸಿನ ಹಣೆಯ ಮೇಲೆ ಕರಿ ಹತ್ತಿತ್ತು. ದೊಡ್ಡಕ್ಕ ಒರೆಸಿದಳು. ತನ್ನ ಪಾಲಿನ ಗಂಜಿಯನ್ನು ಅದರ ತಟ್ಟೆಗೆ ಸುರಿದಳು.

ಸಭಾಂಗಣ ಜಗಜಗ ಎನ್ನುತ್ತಿತ್ತು. ಹೊಳಪು ಕೊಟ್ಟವರು ಈಗ ಬೆಂಚಿನ ಮೇಲೆ ಕೂತಿದ್ದರು. ಬೆಂಚಿಗೂ ಹಿಂದಿನ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಸಂದಿಯಿತ್ತು. ಹೊಸದಾಗಿ ಸುಣ್ಣ ಬಳಿದ ಗೋಡೆ, ಹಾಲಿನಂತೆ ಬೆಳ್ಳಗೆ. ಕುಳ್ಳಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೂರುವುದಕ್ಕೇ ಅವಳಿಗೆ ಹೆದರಿಕೆಯಾಗಿತ್ತು. ಆ ಕೋಣೆಯಲ್ಲಿ ಅವರು ಬಗ್ಗಿದ್ದರು, ಮಂಡಿಯೂರಿದ್ದರು, ಮೇಜಿನ ಕೆಳಗೆ ತೆವಳಿದ್ದರು. ಕೂತಿರಲಿಲ್ಲ.

ಅಧ್ಯಕ್ಷರು ಜನರನ್ನು ಮಾತಾಡಿಸಲು ಬಂದರು. ಕ್ಯಾಮೆರಾ ಹಿಂದೆಯೇ ಬಂತು. ದೊಡ್ಡಕ್ಕನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಮೆತ್ತನೆಯ, ಬೆಚ್ಚನೆಯ ಕೈ. ಆ ಕೈ ಮುಟ್ಟಿ ಬಿಟ್ಟ ಲೋಟ, ಬಾಗಿಲ ಹಿಡಿ, ನಲ್ಲಿ, ಎಲ್ಲವನ್ನೂ ಅವಳು ವರ್ಷಗಟ್ಟಲೆ ಉಜ್ಜಿದ್ದಳು. ಕೈಯನ್ನು ಮುಟ್ಟಿದ್ದು ಇದೇ ಮೊದಲು.

"ಎಷ್ಟು ದೂರದಿಂದ ಬಂದಿರಿ ತಾಯಿ?"

"ಎರಡನೇ ಮಹಡಿಯಿಂದ ಸರ್."

"ಸಂತೋಷ, ಬಹಳ ಸಂತೋಷ," ಎಂದು ಅವರು ಮುಂದಿನವಳ ಕೈ ಹಿಡಿದರು.

ಬಾಯಿಬಡುಕಿ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಭುಜ ಕುಣಿಯುತ್ತಿತ್ತು. ದೊಡ್ಡಕ್ಕನಿಗೆ ನಗು ಬರಲಿಲ್ಲ. ಅವಳ ಎದೆಯೊಳಗೆ ಇಷ್ಟು ವರ್ಷ ಹೆದರಿಕೆ ಕೂತಿದ್ದ ಜಾಗ ಖಾಲಿಯಾಗಿತ್ತು. ಆ ಮನುಷ್ಯನನ್ನು ಅವಳು ಮೊದಲ ಸಲ ಎದುರಿನಿಂದ ನೋಡಿದ್ದಳು. ಮೂಗಿನ ತುದಿಯಲ್ಲಿ ಬೆವರಿತ್ತು. ಹಲ್ಲಿನ ಸಂದಿಯಲ್ಲಿ ಬೆಳಗಿನ ತಿಂಡಿಯ ಚೂರಿತ್ತು. ಇವನಿಗೆ ಬೆನ್ನು ತಿರುಗಿಸಿಯೇ ತನ್ನ ಬೆನ್ನುಮೂಳೆ ಸವೆಯಿತೇ ಎಂದು ನಾಚಿಕೆಯಾಯಿತು. ನಾಚಿಕೆ ಅವನ ಪರವಾಗಿ.

ಓದು ಶುರುವಾಯಿತು. ಪ್ರತಿಯೊಬ್ಬ ಮನುಷ್ಯನ ಘನತೆ ಮುಟ್ಟಲಾಗದ್ದು, ಅದನ್ನು ಕಾಪಾಡುವುದು ಪ್ರಭುತ್ವದ ಮೊದಲ ಕರ್ತವ್ಯ ಎಂದು ಅಧ್ಯಕ್ಷರು ಓದಿದರು. ಓದುವಾಗ ಅವರ ಕಣ್ಣು ತುಂಬಿತು. ತಮ್ಮ ಮಾತಿಗೆ ತಾವೇ ಕರಗುವ ಜನ. ಸದಸ್ಯರು ಮೇಜು ತಟ್ಟಿದರು. ಗೋಡೆಯ ಪಕ್ಕ ನಿಂತಿದ್ದ ಮೇಸ್ತ್ರಿಯೂ ಚಪ್ಪಾಳೆ ಹೊಡೆದ.

ಮತಕ್ಕೆ ಹಾಕುವ ಮುನ್ನ ಗಂಟೆ ಬಾರಿಸಬೇಕೆಂದು ಕಾರ್ಯಕ್ರಮದಲ್ಲಿ ಬರೆದಿತ್ತು. ದೇಶಕ್ಕೆ ಹೊಸ ಸಂವಿಧಾನ ಬರೆದವರು ಹೊಸ ಗಂಟೆಯೊಂದನ್ನು ತರಿಸುವುದು ಮರೆತಿದ್ದರು. ಕೊನೆಯ ಗಳಿಗೆಯಲ್ಲಿ ಜವಾನ ಓಡಿಹೋಗಿ ಪಡಸಾಲೆಯ ಗಂಟೆಯನ್ನೇ ಬಿಚ್ಚಿ ತಂದಿದ್ದ. ಅಧ್ಯಕ್ಷರು ತಲೆಯಾಡಿಸಿದರು. ಜವಾನ ಬಾರಿಸಿದ.

ಬೆಂಚಿನ ಮೇಲಿದ್ದ ಎಲ್ಲರ ಮೈಯೂ ಒಮ್ಮೆ ಜಗ್ಗಿತು. ಕುಳ್ಳಿಯ ಮೈ ನಿಲ್ಲಲಿಲ್ಲ. ಅವಳು ಬೆಂಚಿನಿಂದ ಜಾರಿ ಇಳಿದು, ಸಂದಿಯಲ್ಲಿ ನುಸುಳಿ, ಬಿಳಿಯ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ಕೈ ಜೋಲು. ಉಸಿರು ಬಿಗಿ.

ಸಭೆ ಗಕ್ಕನೆ ನಿಂತಿತು. ಯಾರೋ ಮೆಲ್ಲಗೆ ನಕ್ಕರು. ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿ. ಎಳೆದು ಕೂರಿಸು ಎಂದು ದೊಡ್ಡಕ್ಕನಿಗೆ ಕಣ್ಣಲ್ಲೇ ಹೇಳಿದ. ತುಟಿ ಆಡಿಸಿ ಇನ್ನೊಂದು ಮಾತು ಹೇಳಿದ: ಮಗಳು.

ಕುಳ್ಳಿಗೆ ತಾನು ಏನು ಮಾಡಿದೆ ಎಂದು ಈಗ ಗೊತ್ತಾಗಿತ್ತು. ಕಿವಿ ಕೆಂಪಾಗಿತ್ತು. ತಿರುಗಲೂ ಹೆದರಿಕೆ. ಅವಳ ಹಿಂದಲೆಯನ್ನು ದೊಡ್ಡಕ್ಕ ನೋಡಿದಳು. ಅದು ತನ್ನ ಹಿಂದಲೆಯೂ ಆಗಿತ್ತು, ಮಗಳದ್ದೂ ಆಗಿತ್ತು. ಮಸಿ ಗೋಡೆಗೆ ಒತ್ತಿದ ಕೂಸಿನದ್ದೂ ಆಗಿತ್ತು.

ದೊಡ್ಡಕ್ಕ ಎದ್ದಳು. ಮೇಸ್ತ್ರಿ ನಿಟ್ಟುಸಿರು ಬಿಟ್ಟ.

ಅವಳು ಕುಳ್ಳಿಯ ಪಕ್ಕಕ್ಕೆ ಹೋದಳು. ಅವಳ ತೋಳು ಹಿಡಿದು ಎಳೆಯಲಿಲ್ಲ. ತಾನೂ ಗೋಡೆಗೆ ತಿರುಗಿದಳು. ಹಣೆಯನ್ನು ಸುಣ್ಣಕ್ಕೆ ಒತ್ತಿದಳು, ಗಟ್ಟಿಯಾಗಿ, ಅಚ್ಚು ಹಾಕುವವಳಂತೆ. ಹಿಂದೆ ಬೆಂಚು ಕಿರುಗುಟ್ಟಿತು. ಬಾಯಿಬಡುಕಿ ಬಂದು ಎಡಕ್ಕೆ ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬೆಂಚು ಖಾಲಿಯಾಯಿತು.

"ಇವರಿಗೆ ಏನಾಯಿತು?" ಅಧ್ಯಕ್ಷರ ದನಿ. "ತಾಯಿ, ಈ ಕಡೆ ತಿರುಗಿ. ಒಪ್ಪಿಗೆ ಕೇಳುತ್ತಿದ್ದೇವೆ."

"ಗಂಟೆ ಆಯ್ತಲ್ಲ ಸರ್," ಎಂದಳು ದೊಡ್ಡಕ್ಕ ಗೋಡೆಗೆ. "ಗಂಟೆ ಆದ್ಮೇಲೆ ನಾವು ನಿಮ್ಮ ಮುಖ ನೋಡೋ ಹಾಗಿಲ್ಲ. ನೀವೆಲ್ಲ ಹೊರಗೆ ಹೋದ ಮೇಲೆ ತಿರುಗ್ತೀವಿ."

ಆಗ ಗುರುತು ಹತ್ತಿತು. ಮುಖ ನೋಡಿ ಕೈ ಹಿಡಿದಾಗ ಹತ್ತದ ಗುರುತು ಸಾಲಾಗಿ ನಿಂತ ಬೆನ್ನು ನೋಡಿದಾಗ ಹತ್ತಿತು. ಇವರು ನಮ್ಮ ಪಡಸಾಲೆಯವರಲ್ಲವೇ ಎಂದು ಒಬ್ಬರು ಪಿಸುಗುಟ್ಟಿದ್ದು ದೊಡ್ಡಕ್ಕನಿಗೆ ಕೇಳಿಸಿತು. ಕೆಲಸದವರೇ, ಸದ್ಯ, ಹೊರಗಿನವರಲ್ಲ ಎಂದು ಇನ್ನೊಬ್ಬರು ಸಮಾಧಾನಪಟ್ಟುಕೊಂಡರು. ಅಧ್ಯಕ್ಷರು ಕ್ಯಾಮೆರಾ ಆರಿಸಿ ಎಂದರು.

ಮೇಸ್ತ್ರಿ ಬಂದು ಕಿವಿಯ ಹತ್ತಿರ ಬಾಯಿ ತಂದ. "ನಿನ್ನ ಮಗಳ ಅನ್ನಕ್ಕೆ ನೀನೇ ಮಣ್ಣು ಹಾಕಿದೆ."

ದೊಡ್ಡಕ್ಕ ತಿರುಗಿದಳು. ಗಂಟೆಯಾದ ಮೇಲೆ, ಎಲ್ಲರೂ ಇರುವಾಗಲೇ ತಿರುಗಿದಳು. ಅವನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು, ಒರೆಸಬೇಕೋ ಬಿಡಬೇಕೋ ಎಂದು ಕಲೆಯನ್ನು ನೋಡುವ ಹಾಗೆ. ಬಿಟ್ಟಳು. ಹೆಂಗಸರು ಸಭಾಂಗಣದ ನಡುವಿನಿಂದ, ಸದಸ್ಯರು ಓಡಾಡುವ ಕೆಂಪು ಹಾಸಿನ ಮೇಲೆಯೇ ನಡೆದು ಹೊರಗೆ ಬಂದರು.

ಸಂವಿಧಾನ ಸರ್ವಾನುಮತದಿಂದ ಅಂಗೀಕಾರವಾಯಿತು ಎಂದು ಸಂಜೆ ಸುದ್ದಿ ಬಂತು. ಕೈ ಹಿಡಿದದ್ದನ್ನು ತೋರಿಸಿದರು. ಆಮೇಲಿನದನ್ನು ತೋರಿಸಲಿಲ್ಲ.

ನಡೆದದ್ದನ್ನೆಲ್ಲ ದೊಡ್ಡಕ್ಕ ಮಗಳ ಮುಂದೆ ಒಪ್ಪಿಸಿದಳು. ನನ್ನ ಕೆಲಸವೂ ಹೋಯಿತು, ನಿನ್ನದನ್ನೂ ಕಳೆದೆ, ನಿನ್ನನ್ನು ಒಂದು ಮಾತು ಕೇಳದೆ ಕಳೆದೆ ಎಂದಳು. ತಾಯಿಯ ಹಣೆಯ ಮೇಲೆ ಸುಣ್ಣ ಹತ್ತಿತ್ತು. ಮಗಳು ಅದನ್ನೇ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಜವಾನ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು, ಅರಮನೆಯಲ್ಲಿ ಕಕ್ಕಸುಗಳು ನಾರುತ್ತಿವೆ, ಹೊಸಬರು ಯಾರೂ ಸಿಕ್ಕಿಲ್ಲ, ನಾಳೆ ಸಹಿ ಸಮಾರಂಭಕ್ಕೆ ಪರದೇಶದ ಅತಿಥಿಗಳು ಬರುತ್ತಾರೆ ಎಂದ. ಸಭಾಂಗಣದ ಗೋಡೆಯ ಮೇಲೆ ಹಣೆಯ ಎಣ್ಣೆ ಕಲೆ ಸಾಲಾಗಿ ಕೂತುಬಿಟ್ಟಿದೆ, ಅಧ್ಯಕ್ಷರ ಕುರ್ಚಿಗೆ ನೇರ ಎದುರು. ಬೆಳಿಗ್ಗೆ ಮೇಸ್ತ್ರಿ ತಾನೇ ಒದ್ದೆ ಬಟ್ಟೆ ಹಿಡಿದು ಉಜ್ಜಲು ಹೋದ. ಕಲೆ ಇನ್ನೂ ಹರಡಿತು. ಅಷ್ಟರಲ್ಲಿ ಅಧ್ಯಕ್ಷರು ಬಂದರು, ನಾನು ಅಭ್ಯಾಸದಂತೆ ಗಂಟೆ ಹೊಡೆದೆ ಎಂದು ಜವಾನ ತಡೆದು ತಡೆದು ಹೇಳಿದ.

"ಮೇಸ್ತ್ರಿ?" ಎಂದಳು ಮಗಳು.

"ಕೈಯಲ್ಲಿ ಒರೆಸೋ ಬಟ್ಟೆ ಇತ್ತಲ್ಲಮ್ಮ. ಗೋಡೆಗೆ ತಿರುಗಿ ನಿಂತ್ಕೊಂಡ್ರು."

ಮಗಳು ನಕ್ಕಳು. ಕೆಲಸ ಹೋದ ಮೇಲೆ ಮೊದಲ ಸಲ, ಬಾಯಿ ತುಂಬಾ ನಕ್ಕಳು. ಜವಾನನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವನು ಬಂದ ಕೆಲಸ ಹೇಳಿದ. ದೊಡ್ಡಕ್ಕ ಬಂದು ಕಲೆ ತೆಗೆದುಕೊಟ್ಟರೆ ಆದದ್ದು ಆಗಿಹೋಯಿತು, ತಾಯಿ ಮಗಳು ಇಬ್ಬರನ್ನೂ, ಬೆಂಚಿನ ಎಲ್ಲರನ್ನೂ ವಾಪಸ್ಸು ತೆಗೆದುಕೊಳ್ಳುತ್ತಾರಂತೆ. ಗಂಟೆ ಮಾತ್ರ ಇರುತ್ತದಂತೆ. ಅದು ಕಟ್ಟಡದ ಸಂಪ್ರದಾಯವಂತೆ.

ದೊಡ್ಡಕ್ಕನ ಬಾಯಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು. ನಿನ್ನೆ ಒಮ್ಮೆ ಮಗಳನ್ನು ಕೇಳದೆ ಮಗಳ ಪಾಲಿನದನ್ನು ತೀರ್ಮಾನ ಮಾಡಿಯಾಗಿತ್ತು.

"ನನ್ನ ಕೇಳಬೇಡಪ್ಪ. ಇವಳನ್ನು ಕೇಳು," ಎಂದಳು.

ಜವಾನ ಮಗಳ ಕಡೆ ನೋಡಿದ. ಅವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. ಕೂಸು ಅಪರಿಚಿತನನ್ನು ನೋಡಿ ಮುಖ ತಿರುಗಿಸಿ ತಾಯಿಯ ಭುಜಕ್ಕೆ ಹಣೆ ಒತ್ತಿಕೊಂಡಿತು. ಮಗಳು ಮೆಲ್ಲನೆ ಅದರ ಗಲ್ಲ ಹಿಡಿದು ಅವನ ಕಡೆ ತಿರುಗಿಸಿದಳು.

"ಹೋಗಿ ಹೇಳಣ್ಣ," ಎಂದಳು. "ಆ ಕಲೆ ನೀರಿಗೆ ಹೋಗಲ್ಲ. ಅವರೇ ಸಾಲಾಗಿ ನಿಂತು, ಅವರವರ ಹಣೆಯಿಂದ ಉಜ್ಜಿಕೊಳ್ಳಲಿ."